ಭಯದ ಅಳತೆಗೋಲು

ಬೆಂಗಳೂರಿನಿಂದ ಮೈಸೂರಿನ ದಾರಿ ಹಿಡಿದವರಿಗೆ ಬಿಡದಿಯನ್ನು ದಾಟಿದೊಡನೆ ಹೆಬ್ಬಂಡೆಗಳ ನಾಡು ಎದುರಾಗುತ್ತದೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ, ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಗಳು, ಕಾವೇರಿಯ ಕೊಳ್ಳದವರೆಗೆ ಚಾಚಿಕೊಂಡ ಕನಕಪುರದ ಕಾಡು, ಕೆಂಪೇಗೌಡನ ನೆನಪನ್ನು ಹೊತ್ತು ನಿಂತ ಮಾಗಡಿ, ಇವು ಈ ಸೀಮೆಯ ಗುರುತುಗಳು. ಈ ನಾಲ್ಕು ತಾಲ್ಲೂಕುಗಳು ಕೂಡಿ 2007ರಲ್ಲಿ ರಾಮನಗರ ಜಿಲ್ಲೆಯಾದವು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದಿತು. 1975ರಲ್ಲಿ ತೆರೆಕಂಡ ‘ಶೋಲೆ’ ಎಂಬ ಹಿಂದಿ ಚಲನಚಿತ್ರದ ಹಳ್ಳಿಯನ್ನು ಕಟ್ಟಿದ್ದು ಇಲ್ಲಿನ ರಾಮದೇವರ ಬೆಟ್ಟದ ತಪ್ಪಲಿನಲ್ಲಿಯೇ. ಒಬ್ಬ ಡಕಾಯಿತನ ಹೆಸರಿಗೆ ಇಡೀ ಹಳ್ಳಿಯೊಂದು ನಡುಗುವ ಕಥೆ ಅದು. ಆ ಹಳ್ಳಿ ಬರಿಯ ಹಲಗೆ ಬಣ್ಣಗಳ ಹಳ್ಳಿ; ಚಿತ್ರೀಕರಣ ಮುಗಿದ ಮೇಲೆ ಅದು ಅಳಿದುಹೋಯಿತು. ಡಕಾಯಿತನ ಹೆಸರು ಮಾತ್ರ ಅರ್ಧ ಶತಮಾನ ಕಳೆದರೂ ಜನರ ನಾಲಗೆಯ ಮೇಲೆ ಉಳಿದಿದೆ. ಭಯವನ್ನು ಹುಟ್ಟಿಸುವ ಸಂಗತಿಗೆ ನೆನಪಿನಲ್ಲಿ ದೊರೆಯುವ ಸ್ಥಾನ ಅಂಥದು.

ಇದೇ ರಾಮನಗರದಲ್ಲಿ 2018ರ ಆಗಸ್ಟ್ ತಿಂಗಳಿನಲ್ಲಿ ಕಥೆಯಲ್ಲದ ಒಂದು ಭಯ ತಲೆದೋರಿತು. ಬಾಂಗ್ಲಾದೇಶದ ನಿಷೇಧಿತ ಸಂಘಟನೆಯೊಂದರ ಪ್ರಮುಖನನ್ನು ರಾಷ್ಟ್ರೀಯ ತನಿಖಾ ದಳದವರು ಇಲ್ಲಿ ಬಂಧಿಸಿದರು. 2014ರಲ್ಲಿ ಪಶ್ಚಿಮ ಬಂಗಾಳದ ಬರ್ಧಮಾನದಲ್ಲಿ ನಡೆದ ಸ್ಫೋಟದ ಪ್ರಕರಣದಲ್ಲಿಯೂ 2018ರ ಜನವರಿಯಲ್ಲಿ ಬೋಧಗಯೆಯಲ್ಲಿ ಬಾಂಬುಗಳನ್ನಿರಿಸಿದ ಪ್ರಕರಣದಲ್ಲಿಯೂ ಅವನು ಬೇಕಾದವನಾಗಿದ್ದನು. ಮರುವರ್ಷ ಅದೇ ಸಂಘಟನೆಗೆ ಸೇರಿದ ಮತ್ತೊಬ್ಬನು ದೊಡ್ಡಬಳ್ಳಾಪುರದಲ್ಲಿ ಸೆರೆಸಿಕ್ಕನು. ಅವನು ನೀಡಿದ ಸುಳಿವಿನಂತೆ ಹುಡುಕಿದಾಗ ರಾಮನಗರದಲ್ಲಿ ಎರಡು ಬಾಂಬುಗಳು ದೊರೆತವು. ಅವು ಸಿಡಿಯಲಿಲ್ಲ, ಯಾರಿಗೂ ಗಾಯವಾಗಲಿಲ್ಲ. ಆದರೂ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಅಚ್ಚಾಯಿತು. ಗೂಡಿನ ಬೆಲೆಯನ್ನೂ ಮಳೆಯ ಮಾತನ್ನೂ ಬಿಟ್ಟರೆ ಬೇರೆ ಸುದ್ದಿ ಕಡಮೆಯಾದ ಊರು ತನ್ನ ಹೆಸರನ್ನು ಇಂಥ ಸಂದರ್ಭದಲ್ಲಿ ಕೇಳಿ ಬೆಚ್ಚಿತು. ಅದು ಸಹಜವೇ.

ಆ ರಾಮನಗರದ ಪಕ್ಕದಲ್ಲಿಯೇ ಮೈಸೂರಿನ ಹೆದ್ದಾರಿ ಹಾದುಹೋಗುತ್ತದೆ. ಹೊಸ ಹೆದ್ದಾರಿ ಆಗುವ ಮೊದಲು ಅದು ಬಿಡದಿ, ರಾಮನಗರ, ಚನ್ನಪಟ್ಟಣಗಳ ನಡುವೆಯೇ, ಶಾಲೆಗಳ ಮುಂದೆ, ಸಂತೆಗಳ ಮಗ್ಗುಲಲ್ಲಿ ಹರಿಯುತ್ತಿತ್ತು. ಆ ರಸ್ತೆಯಲ್ಲಿ ಸತ್ತವರ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿಗೆ ಮುಗಿಯುತ್ತಿತ್ತು. ಸತ್ತವನ ಹೆಸರು, ವಯಸ್ಸು, ಊರು; ಡಿಕ್ಕಿ ಹೊಡೆದ ವಾಹನ; ಪ್ರಕರಣ ದಾಖಲಾದ ಠಾಣೆ. ಐದನೆಯ ಸಾಲು ಇರುತ್ತಿರಲಿಲ್ಲ.

ಈ ಎರಡು ಅಪಾಯಗಳಲ್ಲಿ ಯಾವುದು ದೊಡ್ಡದು? ಲೆಕ್ಕವನ್ನೇ ಕೇಳುವುದಾದರೆ ಉತ್ತರ ಕಷ್ಟವಲ್ಲ. 2022ನೆಯ ಇಸವಿಯೊಂದರಲ್ಲಿಯೇ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಮಡಿದರೆಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಅವರಲ್ಲಿ ಕರ್ನಾಟಕದವರು 11,000ಕ್ಕೂ ಹೆಚ್ಚು. ದೇಶದಲ್ಲಿ ಗಂಟೆಗೆ 19 ಸಾವು ಎಂದಾಯಿತು. 2008ರ ನವೆಂಬರಿನಲ್ಲಿ ಮುಂಬಯಿಯ ಮೇಲೆ ನಡೆದ ದಾಳಿಯಲ್ಲಿ 166 ಮಂದಿ ಪ್ರಾಣ ಕಳೆದುಕೊಂಡರು. ಆ ಮೂರು ರಾತ್ರಿಗಳನ್ನು ದೇಶ ಮರೆತಿಲ್ಲ, ಮರೆಯಲೂ ಬಾರದು. ಆದರೆ ಅಷ್ಟೇ ಸಂಖ್ಯೆಯ ಜನ ದೇಶದ ರಸ್ತೆಗಳಲ್ಲಿ ಸಾಯಲು ಒಂಬತ್ತು ಗಂಟೆಗಳು ಸಾಕು. ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಆರಂಭವಾದ ಎಣಿಕೆ ಮಧ್ಯಾಹ್ನದ ಊಟ ಮುಗಿಯುವ ವೇಳೆಗೆ ಪೂರ್ಣವಾಗುತ್ತದೆ.

ಹತ್ತಿರದ ಬೆಂಗಳೂರನ್ನೇ ನೋಡಬಹುದು. 2005ರ ಡಿಸೆಂಬರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಗುಂಡಿನ ದಾಳಿ ನಡೆಯಿತು. 2008ರ ಜುಲೈನಲ್ಲಿ ನಗರದ ಹಲವೆಡೆ ಸರಣಿ ಬಾಂಬುಗಳು ಸಿಡಿದವು. 2010ರಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ, 2013ರಲ್ಲಿ ಮಲ್ಲೇಶ್ವರದಲ್ಲಿ, 2014ರಲ್ಲಿ ಚರ್ಚ್ ಸ್ಟ್ರೀಟಿನಲ್ಲಿ, 2024ರ ಮಾರ್ಚಿನಲ್ಲಿ ಉಪಾಹಾರ ಮಂದಿರವೊಂದರಲ್ಲಿ ಸ್ಫೋಟಗಳಾದವು. ಗಾಯಗೊಂಡವರು ಅನೇಕರು. ಆದರೆ ಈ ಎಲ್ಲ ದಾಳಿಗಳಲ್ಲಿ ಪ್ರಾಣ ಬಿಟ್ಟವರ ಸಂಖ್ಯೆ ಒಂದು ಕೈಯ ಬೆರಳುಗಳನ್ನು ಮೀರುವುದಿಲ್ಲ. ಅದೇ ನಗರದ ರಸ್ತೆಗಳಲ್ಲಿ 2023ರ ಒಂದೇ ವರ್ಷದಲ್ಲಿ ಸತ್ತವರು ಸುಮಾರು 900 ಮಂದಿ. ಕನಕಪುರದಿಂದಲೋ ಮಾಗಡಿಯಿಂದಲೋ ದಿನವೂ ಬೆಂಗಳೂರಿಗೆ ದುಡಿಯಲು ಹೋಗುವ ಮಗನನ್ನು ಬೀಳ್ಕೊಡುವ ತಾಯಿ ಸ್ಫೋಟದ ಸುದ್ದಿ ಬಂದ ವಾರ ಕಳವಳಗೊಳ್ಳುತ್ತಾಳೆ, ಜನಜಂಗುಳಿಯ ಕಡೆ ಹೋಗಬೇಡವೆನ್ನುತ್ತಾಳೆ. ಅವನು ಶಿರಸ್ತ್ರಾಣವನ್ನು ವಾಹನದ ಕನ್ನಡಿಗೆ ತಗುಲಿಸಿ ಬರಿತಲೆಯಲ್ಲಿ ಹೊರಟುದು ಮಾತ್ರ ಅವಳ ಕಣ್ಣಿಗೆ ಬೀಳುವುದಿಲ್ಲ.

ಮನುಷ್ಯನ ಮನಸ್ಸು ಅಪಾಯವನ್ನು ಎಣಿಸಿ ಅಳೆಯುವುದಿಲ್ಲ, ನೆನಪಿನಿಂದ ಅಳೆಯುತ್ತದೆ. ಯಾವ ಘಟನೆ ಥಟ್ಟನೆ ನೆನಪಿಗೆ ಬರುತ್ತದೆಯೋ ಅದೇ ಹೆಚ್ಚಾಗಿ ನಡೆಯುತ್ತದೆಂದು ಅದು ಭಾವಿಸುತ್ತದೆ. ಆಮೋಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1970ರ ದಶಕದಲ್ಲಿ ಇದನ್ನು ಪ್ರಯೋಗಗಳ ಮೂಲಕ ತೋರಿಸಿಕೊಟ್ಟರು. ಆದರೆ ಕಾಡಂಚಿನ ಹಳ್ಳಿಯವರಿಗೆ ಇದನ್ನು ಅರಿಯಲು ಪ್ರಯೋಗಶಾಲೆಯೇ ಬೇಕಾಗಿಲ್ಲ. 2020ರ ಮೇ ತಿಂಗಳಿನಲ್ಲಿ ಮಾಗಡಿ ತಾಲ್ಲೂಕಿನಲ್ಲಿ ಚಿರತೆ ಒಂದು ಪುಟ್ಟ ಮಗುವನ್ನು ಕೊಂದಿತು. ಕೆಲವೇ ದಿನಗಳಲ್ಲಿ ಒಬ್ಬ ವೃದ್ಧೆಯೂ ಬಲಿಯಾದಳು. ಸುತ್ತಲ ಹಳ್ಳಿಗಳು ಸಂಜೆಯಾಗುತ್ತಲೇ ಬಾಗಿಲು ಮುಚ್ಚಿದವು. ಅರಣ್ಯ ಇಲಾಖೆಯವರು ಬೋನುಗಳನ್ನಿರಿಸಿದರು. ಅವೆಲ್ಲ ಆಗಬೇಕಾದ ಕೆಲಸಗಳೇ. ಮಗುವನ್ನು ಕಳೆದುಕೊಂಡ ಮನೆಯವರ ಮುಂದೆ ಅಂಕಿಅಂಶಗಳ ಮಾತನ್ನಾಡುವುದು ಕ್ರೌರ್ಯವಾದೀತು.

ಆದರೂ ಅದೇ ಹಳ್ಳಿಗಳ ಬದುವಿನಲ್ಲಿ ಚಿರತೆಗಿಂತ ಬಹಳ ಹೆಚ್ಚು ಜನರನ್ನು ಕೊಲ್ಲುವ ಪ್ರಾಣಿ ಹುಲ್ಲಿನ ನಡುವೆ ಮಲಗಿರುತ್ತದೆ. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವಿನ ಕಡಿತದಿಂದ ಸುಮಾರು 12 ಲಕ್ಷ ಜನ, ಎಂದರೆ ವರ್ಷಕ್ಕೆ ಸರಾಸರಿ 58,000 ಮಂದಿ, ಸತ್ತಿರಬೇಕೆಂದು 2020ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಅಂದಾಜು ಮಾಡಿತು. ಸತ್ತವರಲ್ಲಿ ಬಹುಪಾಲು ಹಳ್ಳಿಗರು. ಪಂಪುಸೆಟ್ಟಿಗೆ ರಾತ್ರಿಯಲ್ಲಿ ವಿದ್ಯುತ್ತು ಬಂದರೆ ಹಿಪ್ಪುನೇರಳೆ ತೋಟಕ್ಕೆ ನೀರು ಹಾಯಿಸಲು ರೈತನು ಕತ್ತಲಲ್ಲಿಯೇ, ಅನೇಕ ವೇಳೆ ಬರಿಗಾಲಿನಲ್ಲಿಯೇ ಹೋಗಬೇಕು. ಅವನ ಸಾವನ್ನು ಕುರಿತು ಯಾರೂ ಪ್ರತಿಭಟನೆ ನಡೆಸುವುದಿಲ್ಲ. ಕರ್ನಾಟಕ ಸರ್ಕಾರವು ಹಾವಿನ ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಗೊತ್ತುಪಡಿಸಿದುದು 2024ರಲ್ಲಿ. ಅಲ್ಲಿಯವರೆಗೆ ಎಷ್ಟು ಜನರಿಗೆ ಹಾವು ಕಡಿಯಿತೆಂಬುದರ ಪೂರ್ಣ ಲೆಕ್ಕವೂ ಸಮಾಜಕ್ಕೆ ಬೇಕಾಗಿರಲಿಲ್ಲ.

ಇಷ್ಟು ಹೇಳಿದೊಡನೆ ಒಂದು ಬಲವಾದ ಆಕ್ಷೇಪ ಏಳುತ್ತದೆ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹಾವಿಗೆ ದ್ವೇಷವಿಲ್ಲ, ಲಾರಿಗೆ ಸಂಚು ತಿಳಿಯದು. ಭಯೋತ್ಪಾದಕನಾದರೋ ಕೊಲ್ಲಬೇಕೆಂದೇ ಕೊಲ್ಲುತ್ತಾನೆ. ಕೊಂದದ್ದು ಎಲ್ಲರಿಗೂ ಕಾಣಬೇಕೆಂದು ಕೊಲ್ಲುತ್ತಾನೆ. ಸತ್ತವರು ಹತ್ತು ಮಂದಿಯಾದರೆ ಅವನ ಗುರಿ ಉಳಿದ ಕೋಟಿ ಮಂದಿ. ಕೊಲೆಗೂ ಅಪಘಾತಕ್ಕೂ ಕಾನೂನು ಬೇರೆ ಬೇರೆ ಶಿಕ್ಷೆಗಳನ್ನು ವಿಧಿಸಿರುವುದು ಸುಮ್ಮನೆ ಅಲ್ಲ. 2025ರ ಏಪ್ರಿಲಿನಲ್ಲಿ ಕಾಶ್ಮೀರದ ಪಹಲ್ಗಾಮಿನಲ್ಲಿ 26 ಜನರನ್ನು ಗುಂಡಿಕ್ಕಿ ಕೊಂದರು. ಪ್ರವಾಸಕ್ಕೆಂದು ಹೋದ ಕರ್ನಾಟಕದವರೂ ಅವರಲ್ಲಿದ್ದರು. ಆ ಸಾವುಗಳನ್ನು ರಸ್ತೆಯ ಸಾವುಗಳ ಪಕ್ಕದಲ್ಲಿಟ್ಟು ‘ಇಷ್ಟೇ ತಾನೆ’ ಎನ್ನುವವನ ಲೆಕ್ಕ ಸರಿಯಿರಬಹುದು, ವಿವೇಕ ಸರಿಯಿಲ್ಲ. ಅನ್ಯಾಯದಿಂದ ಬಂದ ಸಾವಿಗೆ ಸಮಾಜ ಹೆಚ್ಚು ಮಿಡಿಯುವುದು ಅದರ ಆರೋಗ್ಯದ ಲಕ್ಷಣವೇ ಹೊರತು ರೋಗದ ಲಕ್ಷಣವಲ್ಲ.

ಆಕ್ಷೇಪಕ್ಕೆ ಇನ್ನೊಂದು ಮುಖವೂ ಇದೆ. ಭಯೋತ್ಪಾದನೆಯಿಂದ ಸಾಯುವವರು ಕಡಮೆಯಾಗಿರುವುದು ಅದರ ಮೇಲೆ ಕಾವಲು ಇರುವುದರಿಂದಲೇ ಎಂದು ಕಾವಲಿನವರು ಹೇಳುತ್ತಾರೆ. ಈ ಮಾತಿನಲ್ಲಿ ಸತ್ಯಾಂಶವಿದೆ. ಮುಂಬಯಿಯ ದಾಳಿಯಾದ ಮುಂದಿನ ತಿಂಗಳಿನಲ್ಲಿಯೇ ಸಂಸತ್ತು ಕಾಯಿದೆಯೊಂದನ್ನು ಮಾಡಿತು. ರಾಷ್ಟ್ರೀಯ ತನಿಖಾ ದಳ ಹುಟ್ಟಿದ್ದು ಆ ಕಾಯಿದೆಯಿಂದ. ಹತ್ತು ವರ್ಷಗಳ ಬಳಿಕ ರಾಮನಗರಕ್ಕೆ ಬಂದವರು ಅದೇ ದಳದವರು. ಅವರು ಬರದೆ ಇದ್ದಿದ್ದರೆ ಏನಾಗುತ್ತಿತ್ತೋ ಯಾರು ಬಲ್ಲರು? ನಡೆಯದೆ ಹೋದ ಅನಾಹುತಕ್ಕೆ ಅಂಕಿಅಂಶವಿರುವುದಿಲ್ಲ.

ಈ ಮಾತನ್ನು ಒಪ್ಪಿದ ಮೇಲೆ ಇದೇ ತರ್ಕವನ್ನು ರಸ್ತೆಗೂ ಅನ್ವಯಿಸಬೇಕಾಗುತ್ತದೆ. ಕಾವಲಿರುವುದರಿಂದ ಅಲ್ಲಿ ಸಾವು ಕಡಮೆ ಎಂದಾದರೆ, ಇಲ್ಲಿ ಸಾವು ಹೆಚ್ಚಾಗಿರುವುದು ಕಾವಲಿಲ್ಲದೆ ಇರುವುದರಿಂದ ಎಂದಾಗಬೇಡವೆ? ಬಾಂಬು ಸಿಡಿದರೆ ತಜ್ಞರು ನೆಲದ ಮಣ್ಣನ್ನು ಜರಡಿಯಾಡುತ್ತಾರೆ. ತಂತಿ ಎಲ್ಲಿಯದು, ಮದ್ದು ಎಲ್ಲಿಂದ ಬಂದಿತು, ಚೀಲವನ್ನು ತಂದವನು ಯಾವ ಬಸ್ಸಿನಲ್ಲಿ ಇಳಿದನು, ಅವನಿಗೆ ಮನೆ ಕೊಟ್ಟವರು ಯಾರು, ಹಣ ಕೊಟ್ಟವರು ಯಾರು ಎಂದು ಕೊನೆಯ ಎಳೆಯವರೆಗೆ ಬಿಡಿಸುತ್ತಾರೆ. ರಸ್ತೆಯಲ್ಲಿ ಒಬ್ಬನು ಸತ್ತರೆ ‘ಅತಿವೇಗ ಮತ್ತು ಅಜಾಗರೂಕತೆ’ ಎಂಬ ಎರಡು ಪದಗಳಲ್ಲಿ ಕಾರಣ ಮುಗಿದುಹೋಗುತ್ತದೆ. ಆ ತಿರುವಿನಲ್ಲಿ ದೀಪವಿತ್ತೆ, ಎಚ್ಚರಿಕೆಯ ಫಲಕವಿತ್ತೆ, ಹಳ್ಳಿಯವರು ರಸ್ತೆ ದಾಟಲು ಬೇರೆ ದಾರಿಯಿತ್ತೆ, ಚಾಲಕನು ಎಷ್ಟು ಗಂಟೆಗಳಿಂದ ನಿದ್ದೆಗೆಟ್ಟಿದ್ದನು ಎಂದು ಕೇಳುವವರು ವಿರಳ. ಇನ್ನು ಊರಿನವರ ತೀರ್ಪು ಠಾಣೆಯ ತೀರ್ಪಿಗಿಂತಲೂ ಚಿಕ್ಕದು: ಹಣೆಬರಹ, ಗ್ರಹಚಾರ, ಆಯುಸ್ಸು ಅಷ್ಟೇ ಇತ್ತು.

ಬಾಂಬಿಗೆ ಸತ್ತವನನ್ನು ಕುರಿತು ಯಾರೂ ‘ಅವನ ಹಣೆಬರಹ’ ಎಂದು ಸುಮ್ಮನಾಗುವುದಿಲ್ಲ. ಸುಮ್ಮನಾದರೆ ಅದನ್ನು ಹೇಡಿತನವೆನ್ನುತ್ತಾರೆ. ಲಾರಿಗೆ ಸತ್ತವನ ವಿಷಯದಲ್ಲಿ ಅದೇ ಮಾತು ಸಮಾಧಾನವೆನಿಸಿಕೊಳ್ಳುತ್ತದೆ. ಭಯೋತ್ಪಾದನೆಗೂ ದಿನನಿತ್ಯದ ಅಪಾಯಕ್ಕೂ ಸಮಾಜ ನೀಡುವ ಉತ್ತರದಲ್ಲಿರುವ ದೊಡ್ಡ ಅಂತರ ಇದೇ. ಹಣದ ಅಂತರ, ಪೊಲೀಸರ ಸಂಖ್ಯೆಯ ಅಂತರ ಎಲ್ಲವೂ ಇದರ ಅನಂತರ ಬರುತ್ತವೆ. ಒಂದರಲ್ಲಿ ‘ಹೇಗಾಯಿತು’ ಎಂಬ ಪ್ರಶ್ನೆಯಿದೆ. ಇನ್ನೊಂದರಲ್ಲಿ ಪ್ರಶ್ನೆಯೇ ಇಲ್ಲ.

ದುಃಖದಲ್ಲಿರುವವರಿಗೆ ಹಣೆಬರಹವೆಂಬ ಮಾತು ನೀಡುವ ಆಸರೆಯನ್ನು ಕಿತ್ತುಕೊಳ್ಳಬೇಕೆಂದಲ್ಲ. ಅದು ಸಾವಿನ ಮನೆಯಲ್ಲಿ ಆಡುವ ಮಾತು. ರಸ್ತೆಯನ್ನು ಕಟ್ಟುವವರ, ಆಳುವವರ, ಕಾಯುವವರ ಕಚೇರಿಗಳಿಗೂ ಅದು ನುಸುಳಿದಾಗ ತೊಂದರೆ ಆರಂಭವಾಗುತ್ತದೆ.

ಹಣೆಬರಹವನ್ನು ತಿದ್ದಬಹುದೆಂಬುದಕ್ಕೆ ಇದೇ ಸೀಮೆಯಲ್ಲಿ ಒಂದು ನಿದರ್ಶನ ದೊರೆತಿದೆ. ಬೆಂಗಳೂರು–ಮೈಸೂರು ನಡುವಣ ಹೊಸ ಹೆದ್ದಾರಿಯನ್ನು 2023ರ ಮಾರ್ಚ್ 12ರಂದು ಪ್ರಧಾನಮಂತ್ರಿಯವರು ಉದ್ಘಾಟಿಸಿದರು. ಸುಮಾರು 118 ಕಿಲೋಮೀಟರುಗಳ ಈ ದಾರಿ ಪ್ರಯಾಣದ ಅವಧಿಯನ್ನು ಅರ್ಧಕ್ಕಿಳಿಸುತ್ತದೆಂದು ಜನ ಹಿಗ್ಗಿದರು. ಹಿಗ್ಗು ಹೆಚ್ಚು ದಿನ ಉಳಿಯಲಿಲ್ಲ. ನುಣುಪಾದ ರಸ್ತೆಯಲ್ಲಿ ವಾಹನಗಳು ಹುಚ್ಚುವೇಗದಿಂದ ಓಡಿದವು. ಅದೇ ಪಥದಲ್ಲಿ ದ್ವಿಚಕ್ರ ವಾಹನಗಳೂ ಟ್ರ್ಯಾಕ್ಟರುಗಳೂ ತೆವಳಿದವು. ಬೇಲಿಯ ಸಂದಿನಿಂದ ನುಸುಳಿ ಹಳ್ಳಿಗರು ಅಡ್ಡ ದಾಟಿದರು. ಅವರ ಹೊಲ ಒಂದು ಕಡೆ, ಮನೆ ಒಂದು ಕಡೆ ಉಳಿದಿದ್ದಾಗ ಅವರಾದರೂ ಏನು ಮಾಡಿಯಾರು? ಆ ವರ್ಷದ ಮೇ ತಿಂಗಳಿನಲ್ಲಿ 29 ಮಂದಿಯೂ ಜೂನ್ ತಿಂಗಳಿನಲ್ಲಿ 28 ಮಂದಿಯೂ ಆ ಹೆದ್ದಾರಿಯಲ್ಲಿ ಸತ್ತರು.

ಎಂದಿನಂತೆ ಈ ಸಾವುಗಳೂ ನಾಲ್ಕು ಸಾಲಿನ ಸುದ್ದಿಗಳಾಗಿ ಕರಗಿಹೋಗಬಹುದಾಗಿತ್ತು. ಹಾಗಾಗಲಿಲ್ಲ. ಹೆದ್ದಾರಿ ಹೊಸದಾಗಿದ್ದುದರಿಂದ ಎಲ್ಲರ ಕಣ್ಣು ಅದರ ಮೇಲಿತ್ತು. ಪೊಲೀಸ್ ಇಲಾಖೆಯ ಹಿರಿಯ ಅಧಿಕಾರಿಗಳೇ ದಾರಿಯುದ್ದಕ್ಕೂ ಸಂಚರಿಸಿ ಎಲ್ಲೆಲ್ಲಿ ಏಕೆ ಅಪಘಾತವಾಗುತ್ತಿದೆಯೆಂದು ಪರಿಶೀಲಿಸಿದರು. ಗಂಟೆಗೆ 100 ಕಿಲೋಮೀಟರಿನ ಮಿತಿಯನ್ನು ಮೀರಿದವರನ್ನು ವೇಗ ಅಳೆಯುವ ಯಂತ್ರಗಳಿಂದ ಹಿಡಿದು ದಂಡ ಹಾಕಿದರು. ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೊರಿಕ್ಷಾ, ಟ್ರ್ಯಾಕ್ಟರುಗಳನ್ನು ಮುಖ್ಯ ಪಥದಿಂದ ಹೊರಗಿಟ್ಟು ಪಕ್ಕದ ರಸ್ತೆಗೆ ಕಳುಹಿಸಲಾಯಿತು. ಮುಂದೆ ವೇಗವನ್ನು ಗುರುತಿಸುವ ಕ್ಯಾಮೆರಾಗಳೂ ಬಂದವು. ಈ ಎಲ್ಲ ಕ್ರಮಗಳು ಪೂರ್ಣಗೊಳ್ಳುವ ಮೊದಲೇ, ಜುಲೈ ತಿಂಗಳಿನಲ್ಲಿ, ಸತ್ತವರ ಸಂಖ್ಯೆ 8ಕ್ಕೆ ಇಳಿದಿತ್ತು. 2024ರ ಇಡೀ ವರ್ಷದ ಸಾವುಗಳು ಹಿಂದಿನ ವರ್ಷದ ಅರ್ಧಕ್ಕಿಂತಲೂ ಬಹಳ ಕೆಳಗಿದ್ದವು.

ಪಕ್ಕದ ರಸ್ತೆಗೆ ತಳ್ಳಲ್ಪಟ್ಟ ಬಡವನ ಬೈಕಿಗೆ ಅಲ್ಲಿ ಎಷ್ಟು ಸುರಕ್ಷಿತವಾದ ದಾರಿ ದೊರೆಯಿತೆಂಬ ಪ್ರಶ್ನೆ ಬೇರೆಯೇ ಇದೆ. ಅದನ್ನೂ ಕೇಳಬೇಕಾದುದೇ. ಆದರೆ ಒಂದು ಸಂಗತಿ ಸ್ಪಷ್ಟ. ಮೇ ತಿಂಗಳಿಗೂ ಜುಲೈ ತಿಂಗಳಿಗೂ ನಡುವೆ ಆ ದಾರಿಯಲ್ಲಿ ಪಯಣಿಸಿದವರ ಹಣೆಯ ಮೇಲಿನ ಬರಹ ಬದಲಾಗಿರಲಿಲ್ಲ. ಬದಲಾಗಿದ್ದುದು ರಸ್ತೆಯ ಮೇಲಿನ ಕಣ್ಣು. ಯಾವ ಹೊಸ ವಿಜ್ಞಾನವೂ ಅದಕ್ಕೆ ಬೇಕಾಗಲಿಲ್ಲ.

ರಸ್ತೆಯ ಸಾವು ಸಮಾಜವನ್ನು ಎಂದೂ ಕಲಕುವುದಿಲ್ಲವೆಂದೂ ಹೇಳಲಾಗದು. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ನೆಲಕ್ಕುರುಳಿದ ತರುಣನೊಬ್ಬನು, ತಾನು ಉಳಿಯುವುದಿಲ್ಲವೆಂದು ತಿಳಿದು, ತನ್ನ ಅಂಗಗಳನ್ನು ಇತರರಿಗೆ ಕೊಡಬೇಕೆಂದು ಬೇಡಿಕೊಂಡನು. ಅವನ ಕಣ್ಣುಗಳು ದಾನವಾದವು. ನಾಡು ಮರುಗಿತು. ಅಪಘಾತಕ್ಕೀಡಾದವರಿಗೆ ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿಗಳವರೆಗೆ ಚಿಕಿತ್ಸೆಯ ವೆಚ್ಚವನ್ನು ಭರಿಸುವ ಯೋಜನೆಯೊಂದನ್ನು ಸರ್ಕಾರ ಮುಂದಿನ ತಿಂಗಳಿನಲ್ಲಿಯೇ ಜಾರಿಗೆ ತಂದು, ಅದಕ್ಕೆ ಹರೀಶ್ ಎಂಬ ಆ ತರುಣನ ಹೆಸರನ್ನೇ ಇಟ್ಟಿತು. ಒಂದು ಸಾವಿಗೆ ಮುಖವೂ ಮಾತೂ ದೊರೆತಾಗ ಸಮಾಜ ಎಷ್ಟು ಬೇಗ ಎಚ್ಚರಗೊಳ್ಳಬಲ್ಲದೆಂಬುದು ಇದರಿಂದ ತಿಳಿಯುತ್ತದೆ. ಅದೇ ವರ್ಷ ಕರ್ನಾಟಕದ ರಸ್ತೆಗಳಲ್ಲಿ ಸತ್ತ ಉಳಿದ ಸಾವಿರಾರು ಮಂದಿಗೂ ಮುಖವಿತ್ತು. ಅದನ್ನು ನೋಡಿದವರು ಅವರ ಮನೆಯವರು ಮಾತ್ರ.

ತಪ್ಪು ದಿಕ್ಕಿಗೆ ತಿರುಗಿದ ಭಯವು ತಾನೇ ಹೊಸ ಸಾವುಗಳನ್ನು ತರಬಲ್ಲದು. 2001ರ ಸೆಪ್ಟೆಂಬರ್ 11ರಂದು ಭಯೋತ್ಪಾದಕರು ಅಪಹರಿಸಿದ ವಿಮಾನಗಳನ್ನು ಕಟ್ಟಡಗಳಿಗೆ ಅಪ್ಪಳಿಸಿ ಅಮೆರಿಕದಲ್ಲಿ ಸುಮಾರು 3,000 ಜನರನ್ನು ಕೊಂದರು. ಅನಂತರ ಹಲವು ತಿಂಗಳುಗಳ ಕಾಲ ಅಲ್ಲಿನ ಅನೇಕರು ವಿಮಾನವೆಂದರೆ ಹೆದರಿ ದೂರದ ಊರುಗಳಿಗೂ ಕಾರಿನಲ್ಲಿಯೇ ಹೊರಟರು. ವಿಮಾನಕ್ಕಿಂತ ಕಾರಿನ ಪ್ರಯಾಣದಲ್ಲಿ ಅಪಾಯ ಬಹಳ ಹೆಚ್ಚು. ಹೀಗೆ ದಾರಿ ಬದಲಿಸಿದ ಕಾರಣದಿಂದಲೇ ಒಂದು ವರ್ಷದಲ್ಲಿ ಸುಮಾರು 1,500 ಮಂದಿ ರಸ್ತೆಗಳಲ್ಲಿ ಹೆಚ್ಚಾಗಿ ಸತ್ತರೆಂದು ಜರ್ಮನಿಯ ವಿದ್ವಾಂಸ ಗೆರ್ಡ್ ಗಿಗೆರೆನ್ಸರ್ ಲೆಕ್ಕ ಹಾಕಿದನು. ಅವರ ಹೆಸರುಗಳನ್ನು ಯಾವ ಸ್ಮಾರಕದ ಮೇಲೂ ಕೆತ್ತಿಲ್ಲ. ಭಯೋತ್ಪಾದಕರ ಕೈ ಅವರನ್ನು ಮುಟ್ಟಲಿಲ್ಲ, ಭಯ ಮುಟ್ಟಿತು.

ರಾಮನಗರದಂಥ ಊರಿನಲ್ಲಿ ತಪ್ಪು ದಿಕ್ಕಿನ ಭಯಕ್ಕೆ ಇನ್ನೊಂದು ರೂಪವಿದೆ. ಅಲ್ಲಿನ ರೇಷ್ಮೆಯ ಕಸುಬು ಹಲವು ಕೈಗಳ ಕಸುಬು. ಹುಳು ಸಾಕಿ ಗೂಡು ತರುವವರು ಸುತ್ತಲ ಹಳ್ಳಿಗಳ ರೈತರು. ಗೂಡನ್ನು ಕೊಂಡು ನೂಲು ಬಿಚ್ಚುವ ರೀಲರುಗಳಲ್ಲಿ ಅನೇಕರು ಪಟ್ಟಣದ ಮುಸಲ್ಮಾನರು. ನೆರೆರಾಜ್ಯಗಳಿಂದಲೂ ಗೂಡು ಬರುತ್ತದೆ. ದೂರದ ಸೀಮೆಗಳಿಂದ ದುಡಿಯುವವರೂ ಬರುತ್ತಾರೆ. ಹರಾಜಿನ ಕಟ್ಟೆಯ ಮೇಲೆ ಗೂಡನ್ನು ಹಿಡಿದು ಕಿವಿಯ ಬಳಿ ಅಲ್ಲಾಡಿಸಿ ನೋಡುವವನು ಗೂಡಿನ ಜಾತಿಯನ್ನಷ್ಟೇ ಕೇಳುತ್ತಾನೆ, ಅದು ಮಿಶ್ರತಳಿಯೋ ದ್ವಿತಳಿಯೋ ಎಂದು. ಇಂಥ ಊರಿನಲ್ಲಿ ಹೊರಗಿನಿಂದ ಬಂದ ಒಬ್ಬನು ಅಪರಾಧಿಯಾಗಿ ಸಿಕ್ಕಿಬಿದ್ದನೆಂದ ಮಾತ್ರಕ್ಕೆ ಹೊರಗಿನಿಂದ ಬಂದವರೆಲ್ಲರ ಮೇಲೂ, ಒಂದು ಮತದವರೆಲ್ಲರ ಮೇಲೂ ಸಂಶಯದ ನೆರಳು ಚಾಚಿದರೆ ಆಗುವ ನಷ್ಟವನ್ನು ಯಾವ ಮಾರುಕಟ್ಟೆಯೂ ತೂಗಲಾರದು. ಬಾಡಿಗೆಗೆ ಬಂದವನ ಗುರುತಿನ ಚೀಟಿಯನ್ನು ನೋಡುವುದು ವಿವೇಕ. ಅವನ ಹೆಸರನ್ನು ಕೇಳಿದೊಡನೆ ಮನೆ ಖಾಲಿಯಿಲ್ಲವೆನ್ನುವುದು ವಿವೇಕವಲ್ಲ. ಅಂಥ ಉತ್ತರ ಕೇಳಿ ಹಿಂತಿರುಗುವ ಕೂಲಿಕಾರನು ಯಾವ ಬಾಂಬನ್ನೂ ಕಂಡವನಲ್ಲ. ನೆರೆಯವರು ನೆರೆಯವರನ್ನು ನಂಬದಂತೆ ಮಾಡುವುದೇ ಬಾಂಬಿಡುವವನ ಬಯಕೆ. ಸಿಡಿಯದೆ ಹೋದ ಬಾಂಬಿನಿಂದಲೂ ಅದು ನೆರವೇರುವುದುಂಟು.

ಕಾವಲಿನ ಹೆಸರಿನಲ್ಲಿ ನಡೆಯುವುದೆಲ್ಲ ಕಾವಲೂ ಅಲ್ಲ. ದೊಡ್ಡ ಅಂಗಡಿಗಳ ಬಾಗಿಲಿನಲ್ಲಿ ಲೋಹಶೋಧಕ ಚೌಕಟ್ಟು ನಿಂತಿರುತ್ತದೆ. ಹಾದುಹೋಗುವ ಪ್ರತಿಯೊಬ್ಬರಿಗೂ ಅದು ಕೂಗುತ್ತದೆ. ಕಾವಲುಗಾರನು ಪ್ರತಿಯೊಬ್ಬರಿಗೂ ಕೈಬೀಸಿ ಒಳಗೆ ಬಿಡುತ್ತಾನೆ. ಅದೇ ಅಂಗಡಿಯ ಮುಂದಿನ ರಸ್ತೆಯನ್ನು ದಾಟಲು ವೃದ್ಧರೊಬ್ಬರು ಕಾಲು ಗಂಟೆ ಕಾಯುತ್ತಾರೆ. ಚೌಕಟ್ಟಿಗೆ ಹಣ ದೊರೆತಿದೆ. ದಾಟುವ ಪಟ್ಟೆಗೆ ಬಣ್ಣ ದೊರೆತಿಲ್ಲ.

ದೊಡ್ಡ ಹೆದ್ದಾರಿಗೆ ದೊರೆತ ಕಣ್ಣು ಕನಕಪುರ, ಮಾಗಡಿಗಳ ಒಳದಾರಿಗಳಿಗೆ ಇನ್ನೂ ದೊರೆಯಬೇಕಾಗಿದೆ. ಸುಗ್ಗಿಯ ಕಾಲದಲ್ಲಿ ಆ ದಾರಿಗಳಲ್ಲಿ ಸಂಚರಿಸಿದವರೆಲ್ಲರೂ ಕಂಡ ನೋಟವೊಂದಿದೆ. ರಾಗಿಯ ತೆನೆಯನ್ನೂ ಹುರುಳಿಯ ಗಿಡಗಳನ್ನೂ ರೈತರು ಡಾಂಬರು ರಸ್ತೆಯ ಮೇಲೆ ಹರಡಿರುತ್ತಾರೆ. ಹೋಗಿಬರುವ ವಾಹನಗಳ ಚಕ್ರಗಳೇ ಒಕ್ಕಣೆ ಮಾಡುತ್ತವೆ. ಹೊಟ್ಟಿನ ಮೇಲೆ ಬೈಕು ಜಾರುತ್ತದೆ. ಹುರುಳಿಯ ಬಳ್ಳಿ ಕಾರಿನ ಅಡಿಗೆ ಸುತ್ತಿಕೊಂಡು ಬೆಂಕಿ ಹೊತ್ತಿಕೊಂಡ ಪ್ರಸಂಗಗಳೂ ರಾಜ್ಯದಲ್ಲಿ ನಡೆದಿವೆ. ರಾತ್ರಿಯ ವೇಳೆ ರಾಶಿಯ ಸುತ್ತ ಜೋಡಿಸಿದ ಕಲ್ಲುಗಳು ಬೆಳಕಿಲ್ಲದ ದಾರಿಯಲ್ಲಿ ಹೊಂಚುಹಾಕಿದಂತೆ ಕುಳಿತಿರುತ್ತವೆ.

ಇದು ತಪ್ಪೆಂದು ಅಧಿಕಾರಿಗಳು ಆಗಾಗ ಪ್ರಕಟಣೆ ಹೊರಡಿಸುತ್ತಾರೆ. ರೈತನಿಗೂ ಇದು ತಿಳಿಯದ ವಿಷಯವಲ್ಲ. ಹಿಂದೆ ಪ್ರತಿ ಮನೆತನಕ್ಕೂ ಒಂದು ಕಣವಿತ್ತು. ಸಗಣಿಯಿಂದ ಸಾರಿಸಿ, ಮೇಟಿಯನ್ನು ನೆಟ್ಟು, ಎತ್ತುಗಳಿಂದ ರೋಣಗಲ್ಲು ಎಳೆಸಿ ರಾಗಿಯನ್ನು ಒಕ್ಕುತ್ತಿದ್ದರು; ರಾಶಿಗೆ ಪೂಜೆಯಾಗದೆ ಕಾಳು ಮನೆಗೆ ಬರುತ್ತಿರಲಿಲ್ಲ. ಮನೆಗಳು ಪಾಲಾದವು, ಜಮೀನು ತುಂಡಾಯಿತು, ಎತ್ತುಗಳನ್ನು ಸಾಕುವವರು ಕಡಮೆಯಾದರು, ಕೂಲಿಗೆ ಆಳು ಸಿಕ್ಕುವುದು ದುರ್ಲಭವಾಯಿತು. ಬಿಟ್ಟಿಯಾಗಿ ದೊರೆಯುವ ಗಟ್ಟಿನೆಲ ರಸ್ತೆಯೊಂದೇ ಎಂಬಂತಾಯಿತು. ಹೀಗಿರುವಲ್ಲಿ ಅವನನ್ನು ಬೈಯುವುದರಿಂದ ಜಾರಿಬೀಳುವ ಬೈಕು ನಿಲ್ಲುವುದಿಲ್ಲ; ಬಿದ್ದವನದು ಹಣೆಬರಹವೆನ್ನುವುದರಿಂದಲೂ ನಿಲ್ಲುವುದಿಲ್ಲ. ಇದಕ್ಕೆ ಬೇಕಾದುದು ಊರಿಗೊಂದು ಗಟ್ಟಿಯಾದ ಕಣ. ಉದ್ಯೋಗ ಖಾತರಿ ಯೋಜನೆಯ ಹಣದಿಂದ ಇಂಥ ಕಣಗಳನ್ನು ಕಟ್ಟಿಕೊಟ್ಟ ಉದಾಹರಣೆಗಳು ರಾಜ್ಯದಲ್ಲಿವೆ. ನಾಲ್ಕು ಗಾಡಿ ಕಲ್ಲು, ಸಿಮೆಂಟು, ಕೆಲವು ದಿನಗಳ ಕೂಲಿ. ಪಂಚಾಯಿತಿಯ ಸಭೆಯೊಂದರಲ್ಲಿ ನಿರ್ಧರಿಸಿ ಮುಗಿಸಬಹುದಾದ ಕೆಲಸ. ಅದಾಗದ ಹಳ್ಳಿಗಳಲ್ಲಿ ಸುಗ್ಗಿ ಬಂದಾಗ ರಾಗಿ ಮತ್ತೆ ರಸ್ತೆಗೇ ಬರುತ್ತದೆ.